ತಾರಸಿ ಮೇಲಿನ ಎರಡು ಕಾನೂನು

ಕೆಂಗೇರಿ ಉಪನಗರದ ನಮ್ಮ ಮನೆಯ ತಾರಸಿ ಹತ್ತಿ ನಿಂತರೆ ಕಣ್ಣಿಗೆ ಬೀಳೋದು ಎರಡೇ ಸಾಮಾನು. ಕಪ್ಪು ನೀರಿನ ಟ್ಯಾಂಕು, ಅದರ ಪಕ್ಕದಲ್ಲಿ ಓರೆಯಾಗಿ ಮಲಗಿರುವ ಸೋಲಾರ್. ನಮ್ಮ ಮನೆ ಮೇಲೆ, ಎದುರು ಮನೆ ಮೇಲೆ, ಮೆಟ್ರೋ ಕಂಬಗಳ ತನಕ ಸಾಲಾಗಿ ಅದೇ. ಅಪ್ಪ ಭಾನುವಾರ ಬೆಳಗ್ಗೆ ಹಳೇ ಬನಿಯನ್ ಒಂದನ್ನು ಒದ್ದೆ ಮಾಡಿಕೊಂಡು ಮೇಲೆ ಹೋಗಿ ಸೋಲಾರ್ ಗಾಜು ಒರೆಸುತ್ತಾರೆ. ಧೂಳು ಕೂತರೆ ನೀರು ಕಾಯಲ್ಲ ಅನ್ನೋದು ಅವರ ಸಿದ್ಧಾಂತ. ಬೇಸಿಗೆಯಲ್ಲೂ ಈ ಸೇವೆ ತಪ್ಪಲ್ಲ.

ಅದೇ ತಾರಸಿಯ ಮೂಲೆಯಲ್ಲಿ ಇನ್ನೊಂದು ಸಾಮಾನಿದೆ. ಮಳೆನೀರಿನ ಪೈಪು. ಗೋಡೆಗುಂಟ ಇಳಿದು, ಕಾರು ನಿಲ್ಲಿಸುವ ಜಾಗದ ಹತ್ತಿರ ಒಂದು ನೀಲಿ ಡ್ರಮ್ಮಿನೊಳಗೆ ಹೋಗುತ್ತೆ. ಡ್ರಮ್ಮಿನ ಮೇಲೆ ಸಿಮೆಂಟಿನ ಮುಚ್ಚಳ, ಮುಚ್ಚಳದ ಮೇಲೆ ಅಮ್ಮನ ತುಳಸಿ ಕುಂಡ. ಮನೆ ಕಟ್ಟಿದ್ದು 2011ರಲ್ಲಿ. ಅಲ್ಲಿಂದ 2024ರ ಮಾರ್ಚ್ ತನಕ, ಅಂದರೆ ಹದಿಮೂರು ವರ್ಷ, ಆ ಮುಚ್ಚಳವನ್ನು ಯಾರೂ ಎತ್ತಿ ನೋಡಿರಲಿಲ್ಲ.

2024ರ ಮಾರ್ಚ್ ನಿಮಗೆಲ್ಲ ನೆನಪಿರಬೇಕು. ಹಿಂದಿನ ವರ್ಷ ಮುಂಗಾರು ಕೈಕೊಟ್ಟಿತ್ತು. ನಗರದ 13,900 ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಅಂತ ಉಪಮುಖ್ಯಮಂತ್ರಿಗಳೇ ಹೇಳಿದರು. ಕುಡಿಯುವ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ಟ್ಯಾಂಕರ್ ದರಕ್ಕೆ ಜಿಲ್ಲಾಡಳಿತ ಮಿತಿ ಹಾಕಿತು: 5 ಕಿಲೋಮೀಟರ್ ಒಳಗಾದರೆ 6,000 ಲೀಟರ್‌ಗೆ 600 ರೂಪಾಯಿ. ಆ ದರಕ್ಕೆ ಟ್ಯಾಂಕರ್ ತರಿಸೋದೇ ಒಂದು ಸಾಹಸ, ಅದು ಬೇರೆ ಮಾತು. ನಮ್ಮ ಮನೆಗೆ ಕಾವೇರಿ ಬರುತ್ತಿತ್ತು, ಆದರೆ ಸಂಪು ಅರ್ಧವೂ ತುಂಬುತ್ತಿರಲಿಲ್ಲ. ಪಕ್ಕದ ಮನೆಯ ಬೋರ್ ಬೆಳಗ್ಗೆ ಹತ್ತು ನಿಮಿಷ ಓಡಿ ಆಮೇಲೆ ಗಾಳಿ ಉಗುಳುತ್ತಿತ್ತು.

ಅಂಥ ಒಂದು ಸಂಜೆ ನಾನು ತುಳಸಿ ಕುಂಡ ಸರಿಸಿ ಮುಚ್ಚಳ ಎತ್ತಿದೆ. ಡ್ರಮ್ಮಿನೊಳಗೆ ಒಂದಷ್ಟು ಜಲ್ಲಿ, ಜೇಡರ ಬಲೆ, ಒಣಗಿದ ಎಲೆ. ಕೆಳಗಿನಿಂದ ಒಂದು ಪೈಪು ಹೊರಟಿತ್ತು. ಸಂಪಿನ ಕಡೆಗಲ್ಲ, ಇಂಗುಗುಂಡಿಯ ಕಡೆಗೂ ಅಲ್ಲ. ಗೇಟಿನ ಕೆಳಗೆ ನುಸುಳಿ ನೇರ ರಸ್ತೆ ಬದಿಯ ಚರಂಡಿಗೆ.

"ಅಪ್ಪಾ, ಇದು ಮೋರಿಗೆ ಹೋಗ್ತಿದೆ" ಅಂದೆ.

"ಗೊತ್ತು ಕಣೇ" ಅಂದರು ಅಪ್ಪ, ಪೇಪರಿನಿಂದ ತಲೆ ಎತ್ತದೆ.

"ಗೊತ್ತಿದ್ದೂ ಸುಮ್ನಿದ್ರಾ?"

"ಮೇಸ್ತ್ರಿ ಹೇಳ್ದ, ಇಲ್ಲಿ ನೀರು ಇಂಗಿಸಿದ್ರೆ ಪಾಯ ಕೂರುತ್ತೆ ಅಂತ. ಕಾಗದಕ್ಕೆ ಬೇಕಾಗಿತ್ತು, ಒಂದು ಡ್ರಮ್ಮು ಇಡಿಸಿದ್ವಿ." ಸ್ವಲ್ಪ ಹೊತ್ತು ಬಿಟ್ಟು ನಿಜವಾದ ಕಾರಣ ಹೊರಬಂತು. "ಅಲ್ಲ, ನಮ್ಮ ಮನೇಲಿ ಬೋರೇ ಇಲ್ಲ. ನಾವು ದುಡ್ಡು ಹಾಕಿ ಇಂಗಿಸೋದು, ಪಕ್ಕದ ಮನೆಯವರು ಬೋರಲ್ಲಿ ಎತ್ತೋದು. ಯಾವ ಸೀಮೆ ನ್ಯಾಯ ಇದು?"

ನನಗೆ ಸಿಟ್ಟು ಬಂತು. ಆದರೆ ರಾತ್ರಿ ಮಲಗಿದಾಗ ಆ ಪ್ರಶ್ನೆ ಬಿಡಲಿಲ್ಲ. ಭಾನುವಾರ ತಪ್ಪದೆ ಸೋಲಾರ್ ಒರೆಸುವ ಮನುಷ್ಯ ಮಳೆ ಪೈಪನ್ನು ಹದಿಮೂರು ವರ್ಷ ತಿರುಗಿ ನೋಡಿಲ್ಲ. ಎರಡನ್ನೂ ಹಾಕಿಸಿದ್ದು ಕಾನೂನಿನ ಸಲುವಾಗಿಯೇ. ಎರಡೂ ಕಾನೂನು ಬಂದದ್ದು ಎರಡು ವರ್ಷದ ಅಂತರದಲ್ಲಿ. ಎರಡೂ ಹೇಳೋದು ಅದೇ ತರ್ಟಿ-ಫಾರ್ಟಿ ಸೈಟಿನ ಬಗ್ಗೆ. ಒಂದು ನಮ್ಮ ಮನೆಯ ಅಭ್ಯಾಸವಾಯಿತು, ಇನ್ನೊಂದು ತುಳಸಿ ಕುಂಡದ ಸ್ಟ್ಯಾಂಡಾಯಿತು. ಯಾಕೆ ಹೀಗೆ? ಅವತ್ತಿಂದ ಬಿಡುವಾದಾಗಲೆಲ್ಲ ಈ ಎರಡು ಕಾನೂನುಗಳ ಚರಿತ್ರೆ ಹುಡುಕಲು ಕೂತೆ.

ಮೊದಲು ಸಿಕ್ಕಿದ್ದು ಬೆಂಗಳೂರು ಮಹಾನಗರ ಪಾಲಿಕೆಯ 2003ರ ಕಟ್ಟಡ ಉಪವಿಧಿಗಳು. ಸೆಟ್‌ಬ್ಯಾಕ್ ಎಷ್ಟು, ಮೆಟ್ಟಿಲು ಅಗಲ ಎಷ್ಟು ಅಂತೆಲ್ಲ ಹೇಳುವ ಪುಸ್ತಕ. ಅದರ ನಡುವೆ ಒಂದು ಸಣ್ಣ ಷರತ್ತು: ಸೈಟು 200 ಚದರ ಮೀಟರ್‌ಗೆ ಕಡಿಮೆ ಇಲ್ಲದೆ, ತಳ ವಿಸ್ತೀರ್ಣ 100 ಚದರ ಮೀಟರ್ ದಾಟುವ ಪ್ರತಿ ಕಟ್ಟಡದಲ್ಲೂ ಮಳೆನೀರು ಸಂಗ್ರಹದ ವ್ಯವಸ್ಥೆ ಇರಬೇಕು. ಬೆಂಗಳೂರಿನ ಮನೆಗಳಿಗೆ 'ಹಸಿರು' ನಿಯಮ ಕಾಗದದ ಮೇಲೆ ಕಾಲಿಟ್ಟಿದ್ದು ಹೆಚ್ಚುಕಡಿಮೆ ಹೀಗೆ, ಯಾವ ಗದ್ದಲವೂ ಇಲ್ಲದೆ. ಆದರೆ 30x40 ಸೈಟು ಅಂದರೆ 111 ಚದರ ಮೀಟರ್. ಮಧ್ಯಮವರ್ಗದ ಬೆಂಗಳೂರು ಕಟ್ಟಿಕೊಳ್ಳುತ್ತಿದ್ದ ಬಹುಪಾಲು ಮನೆಗಳು ಆ ಷರತ್ತಿನ ಹೊರಗೇ ಉಳಿದವು. ಕೆಂಗೇರಿಗಂತೂ ಅದು ಅನ್ವಯಿಸುತ್ತಲೇ ಇರಲಿಲ್ಲ. ನಮ್ಮದು ಆಗಿನ್ನೂ ಪುರಸಭೆ. 2007ರಲ್ಲಿ ಏಳು ನಗರಸಭೆ, 110 ಹಳ್ಳಿಗಳ ಜೊತೆಗೆ ಒಂದೇ ಒಂದು ಪುರಸಭೆಯಾಗಿ ಕೆಂಗೇರಿ ಬಿಬಿಎಂಪಿಗೆ ಸೇರಿತು. ಊರಿಗೆ ಊರೇ ರಾತ್ರೋರಾತ್ರಿ ಸಿಟಿಯಾದ ಮೇಲೆ ಸಿಟಿಯ ಕಾನೂನುಗಳು ಒಂದೊಂದಾಗಿ ಬಸ್ಸು ಹತ್ತಿ ಬಂದವು.

ಮೊದಲು ಬಂದದ್ದು ಸೋಲಾರ್. 2007ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ಒಂದು ಆದೇಶ ಹೊರಡಿಸಿತು. ನಗರ ಪ್ರದೇಶದ ಹೊಸ ಮನೆಗಳು ಒಂದು ಅಳತೆ ದಾಟಿದರೆ, ಹಾಗೇ ಹೋಟೆಲು, ಆಸ್ಪತ್ರೆ, ಹಾಸ್ಟೆಲ್‌ಗಳು, ಸೋಲಾರ್ ವಾಟರ್ ಹೀಟರ್ ಹಾಕಿಸಲೇಬೇಕು. ಇಲ್ಲದಿದ್ದರೆ ಹೊಸ ಕರೆಂಟ್ ಕನೆಕ್ಷನ್ ಇಲ್ಲ. ಸರ್ಕಾರಕ್ಕೆ ಇದ್ದಕ್ಕಿದ್ದಂತೆ ಸೂರ್ಯನ ಮೇಲೆ ಪ್ರೀತಿ ಬಂತು ಅಂತೇನಲ್ಲ. ಬೆಳಗ್ಗೆ ಆರರಿಂದ ಒಂಬತ್ತರ ನಡುವೆ ಇಡೀ ಊರು ಗೀಸರ್ ಹಾಕುತ್ತೆ. ಆ ಮೂರು ಗಂಟೆಯ ಬೇಡಿಕೆ ಪೂರೈಸಲು ವಿದ್ಯುತ್ ಕಂಪನಿಗಳು ಒದ್ದಾಡುತ್ತಿದ್ದವು. ಬೇಸಿಗೆಯಲ್ಲಿ ಜಲಾಶಯ ಇಳಿದರೆ ಲೋಡ್ ಶೆಡ್ಡಿಂಗ್ ಕಟ್ಟಿಟ್ಟ ಬುತ್ತಿ. ಗೀಸರ್ ಆಫ್ ಆದರೆ ಕಂಪನಿಗೂ ಲಾಭ, ನಮಗೂ ಲಾಭ.

ಅದೂ ಅಲ್ಲದೆ ನೆಲ ಆಗಲೇ ಹದವಾಗಿತ್ತು. ಪ್ರೊಫೆಸರ್ ಅಮೂಲ್ಯ ರೆಡ್ಡಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಅಸ್ತ್ರ' ಅನ್ನುವ ಕೇಂದ್ರ ಶುರು ಮಾಡಿದ್ದು 1974ರಲ್ಲಿ. ಹಳ್ಳಿಗೆ ಬೇಕಾದ ವಿಜ್ಞಾನ ಮಾಡೋಣ ಅಂತ ಹೊರಟ ಆ ಗುಂಪಿನಿಂದ ಕಡಿಮೆ ಸೌದೆ ತಿನ್ನುವ ಅಸ್ತ್ರ ಒಲೆ ಬಂತು, ಒತ್ತಿದ ಮಣ್ಣಿನ ಇಟ್ಟಿಗೆ ಬಂತು. ಹಂಡೆಗೆ ಸೌದೆ ತುಂಬಿ ಕೆಮ್ಮುತ್ತಾ ನೀರು ಕಾಯಿಸಿದ ತಲೆಮಾರು ಇನ್ನೂ ನಮ್ಮ ಮನೆಗಳಲ್ಲಿ ಬದುಕಿತ್ತು. ಹೊಗೆಯಿಲ್ಲದೆ, ಬಿಲ್ಲಿಲ್ಲದೆ ಬಿಸಿನೀರು ಬರುತ್ತೆ ಅಂದರೆ ಅವರಿಗೆ ಮತ್ತೆ ಹೇಳಬೇಕಾಗಿರಲಿಲ್ಲ. ಆದೇಶ ಬರುವ ಮುಂಚೆಯೇ ಬೆಂಗಳೂರಿನ ಎಷ್ಟೋ ತಾರಸಿಗಳ ಮೇಲೆ ಸೋಲಾರ್ ಕೂತಿತ್ತು. ಮೇಲಿಂದ ಕರೆಂಟ್ ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆ ರಿಯಾಯಿತಿ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ. ಆ ಐವತ್ತು ರೂಪಾಯಿ ಬಿಲ್ಲಿನಲ್ಲಿ ಕಂಡಾಗ ಅಪ್ಪನ ಮುಖ ನೋಡಬೇಕಿತ್ತು. ಸರ್ಕಾರವೇ ಬೆನ್ನು ತಟ್ಟಿದ ಹಾಗೆ.

ಎರಡನೆಯದು ಮಳೆ. 2009ರಲ್ಲಿ ಬೆಂಗಳೂರು ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ತಂದು 72-ಎ ಅನ್ನುವ ಹೊಸ ಕಲಂ ಸೇರಿಸಿದರು. 30x40 ಮತ್ತು ಅದಕ್ಕಿಂತ ದೊಡ್ಡ ಸೈಟಿನಲ್ಲಿ ಏಳುವ ಹೊಸ ಕಟ್ಟಡ, 40x60 ಮತ್ತು ಅದಕ್ಕಿಂತ ದೊಡ್ಡ ಸೈಟಿನಲ್ಲಿ ಆಗಲೇ ನಿಂತಿರುವ ಕಟ್ಟಡ, ಇವೆರಡೂ ಮಳೆನೀರು ಹಿಡಿಯಬೇಕು ಅಥವಾ ಇಂಗಿಸಬೇಕು. 2003ರ ಉಪವಿಧಿ ಬಿಟ್ಟುಬಿಟ್ಟಿದ್ದ ಮಧ್ಯಮವರ್ಗದ ಸೈಟು ಈಗ ಬಲೆಗೆ ಬಿತ್ತು. ಜಯನಗರದ 5ನೇ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಲ್ಲಿ ಮಳೆನೀರು ಸಂಗ್ರಹದ ಥೀಮ್ ಪಾರ್ಕ್ ಕೂಡ ತೆರೆದರು. ಇವತ್ತಿಗೂ ಹೋಗಿ ನೋಡಬಹುದು, ಒಳ್ಳೇ ಜಾಗ.

ಆದರೆ ಹಳೇ ಮನೆಗಳಿಗೆ ಕೊಟ್ಟ ಗಡುವು 2010ಕ್ಕೆ ಮುಗಿಯಬೇಕಾಗಿದ್ದದ್ದು ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ಆಮೇಲೆ ದಂಡ ಬಂತು. ಮಳೆನೀರು ವ್ಯವಸ್ಥೆ ಇಲ್ಲದ ಮನೆಗೆ ಮೊದಲ ಮೂರು ತಿಂಗಳು ನೀರಿನ ಬಿಲ್ಲಿನ ಮೇಲೆ ಶೇ. 25, ನಂತರ ಶೇ. 50 ಹೆಚ್ಚುವರಿ. ಜನ ಏನು ಮಾಡಿದರು? ಕಟ್ಟಿದರು. ಗುಂಡಿ ಅಲ್ಲ, ದಂಡ. ತಿಂಗಳಿಗೆ ನೂರಿನ್ನೂರು ಜಾಸ್ತಿ ಬಂದರೆ ಬರಲಿ, ಟೈಲ್ಸ್ ಒಡೆಸೋ ತಲೆನೋವು ಯಾರಿಗೆ ಬೇಕು ಅಂತ ಸಾವಿರಾರು ಮನೆಯವರು ವರ್ಷಗಟ್ಟಲೆ ದಂಡ ತೆತ್ತರು. ದಂಡದ ಮೊತ್ತ ಕೋಟಿ ಲೆಕ್ಕಕ್ಕೆ ಏರಿತು. ಅಂದರೆ ನೀರು ಉಳಿಸಲಿ ಅಂತ ಹಾಕಿದ ದಂಡ, ಉಳಿಸದೆ ಇರುವುದಕ್ಕೆ ಕಟ್ಟುವ ಬಾಡಿಗೆ ಆಯಿತು.

ಇದರಲ್ಲಿ ಇನ್ನೊಂದು ತಮಾಷೆ ಇದೆ. ದಂಡ ಸೇರೋದು ನೀರಿನ ಬಿಲ್ಲಿಗೆ. ಕಾವೇರಿ ಕನೆಕ್ಷನ್ ಇಲ್ಲದೆ ಬೋರ್ ಮತ್ತು ಟ್ಯಾಂಕರ್ ನಂಬಿಕೊಂಡ ಹೊರವಲಯದ ಬಡಾವಣೆಗಳಿಗೆ ನೀರಿನ ಬಿಲ್ಲೇ ಬರುತ್ತಿರಲಿಲ್ಲ. ಬಿಲ್ಲೇ ಇಲ್ಲದ ಮನೆಗೆ ದಂಡ ಎಲ್ಲಿ ಅಂತ ಸೇರಿಸೋದು? ನೆಲದ ನೀರನ್ನು ಎಲ್ಲರಿಗಿಂತ ಜಾಸ್ತಿ ಎತ್ತುವವರು, ಅದು ಬತ್ತಿದರೆ ಎಲ್ಲರಿಗಿಂತ ಮೊದಲು ಒದ್ದಾಡುವವರು, ಅವರೇ ಈ ಬಲೆಯಿಂದ ಜಾರಿಹೋದರು.

ಈಗ ಎರಡು ಕಾನೂನನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೋಲು ಎರಡಕ್ಕೂ ಇತ್ತು. ಒಂದು ಕಡೆ ಕರೆಂಟ್ ಕನೆಕ್ಷನ್ ಕೊಡಲ್ಲ, ಇನ್ನೊಂದು ಕಡೆ ದಂಡ ಹಾಕ್ತೀವಿ. ಬೆಲ್ಲ ಮಾತ್ರ ಒಂದಕ್ಕೇ ಇತ್ತು. ಬರೀ ಐವತ್ತು ರೂಪಾಯಿಯ ಮಾತಲ್ಲ ಇದು. ಸೋಲಾರ್ ಹಾಕಿಸಿದರೆ ಮಾರನೇ ದಿನ ಬೆಳಗ್ಗೆ ನನ್ನ ಬಚ್ಚಲಲ್ಲೇ ಬಿಸಿನೀರು. ಮಳೆ ಇಂಗಿಸಿದರೆ? ಅದು ಭೂಮಿಯೊಳಗೆ ಯಾವ ದಿಕ್ಕಿಗೆ ಹೋಗುತ್ತೋ, ಯಾವ ವರ್ಷ ಯಾರ ಬೋರಲ್ಲಿ ಬರುತ್ತೋ. ಅಪ್ಪ ಕೇಳಿದ 'ಯಾವ ಸೀಮೆ ನ್ಯಾಯ' ಅನ್ನುವ ಪ್ರಶ್ನೆಗೆ ಕಾನೂನು ಉತ್ತರವೇ ಕೊಟ್ಟಿರಲಿಲ್ಲ. ತಪ್ಪು ಅಪ್ಪನದೂ ಇದೆ, ಇಲ್ಲ ಅನ್ನಲ್ಲ. ಆದರೆ ಪ್ರಶ್ನೆ ತಪ್ಪಾಗಿರಲಿಲ್ಲ.

ಉತ್ತರ ಇತ್ತು. ಅದೂ ನಮಗೆ ಹತ್ತಿರದಲ್ಲೇ, ವಿಜಯನಗರದಲ್ಲಿ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿಜ್ಞಾನಿ ಎ.ಆರ್. ಶಿವಕುಮಾರ್ 1990ರ ದಶಕದ ಮಧ್ಯದಲ್ಲಿ, ಕಾನೂನು ಬರುವುದಕ್ಕೆ ಸುಮಾರು ಹದಿನೈದು ವರ್ಷ ಮುಂಚೆ, ಅಲ್ಲಿ 'ಸೌರಭ' ಅನ್ನುವ ಮನೆ ಕಟ್ಟಿದರು. ನೀರಿಗೆ ಮಳೆಯೊಂದೇ ಸಾಕು ಅನ್ನೋದು ಅವರ ನಿರ್ಧಾರ. ಕಟ್ಟುವ ಮುಂಚೆ ಅವರು ಕೇಳಿದ್ದು ಎಂಜಿನಿಯರ್ ಪ್ರಶ್ನೆ. ನೂರು ವರ್ಷದ ಮಳೆ ದಾಖಲೆ ತೆಗೆದು, ಒಳ್ಳೇ ಮಳೆಯ ಎರಡು ಅವಧಿಗಳ ನಡುವೆ ಅತಿ ದೀರ್ಘ ಅಂತರ ಎಷ್ಟು ಅಂತ ನೋಡಿದರು. ಸುಮಾರು ನೂರು ದಿನ. ಮನೆಗೆ ದಿನಕ್ಕೆ 400 ಲೀಟರ್ ಬೇಕು ಅಂದರೆ ನೂರು ದಿನಕ್ಕೆ 40 ಸಾವಿರ ಲೀಟರ್. ಅಷ್ಟು ಹಿಡಿಸುವ ತೊಟ್ಟಿ ಇದ್ದರೆ ಮುಗಿಯಿತು. ತಾರಸಿಯ ನೀರು ಸೋಸಿ ಮೊದಲು ತೊಟ್ಟಿಗೆ, ಉಕ್ಕಿದ್ದು ನೆಲಕ್ಕೆ.

ಗಮನಿಸಿ, ಮೊದಲು ತೊಟ್ಟಿ, ಆಮೇಲೆ ನೆಲ. ಮೊದಲು ನನ್ನ ಕೊಡ ತುಂಬಲಿ, ಮಿಕ್ಕಿದ್ದು ಎಲ್ಲರದೂ. ಸ್ವಾರ್ಥ ಅನ್ನಿಸಬಹುದು. ಆದರೆ ಆ ಸ್ವಾರ್ಥ ಇದ್ದಿದ್ದಕ್ಕೇ ಅವರ ಮನೆಯಲ್ಲಿ ಫಿಲ್ಟರ್ ಸ್ವಚ್ಛವಾಗಿರುತ್ತೆ. ನೀರು ನಿಂತರೆ ಗೊತ್ತಾಗೋದು ಅವರಿಗೇ ತಾನೆ.

ಪಕ್ಕದ ತಮಿಳುನಾಡಿನದೂ ಇದೇ ಪಾಠ. 2003ರಲ್ಲಿ ಜಯಲಲಿತಾ ಸರ್ಕಾರ ಸುಗ್ರೀವಾಜ್ಞೆ ತಂದು ರಾಜ್ಯದ ಎಲ್ಲ ಕಟ್ಟಡಗಳಿಗೂ ಮಳೆನೀರು ಸಂಗ್ರಹ ಕಡ್ಡಾಯ ಮಾಡಿತು. ಹೊಸದು ಹಳೇದು ಅನ್ನದೆ, ತಿಂಗಳುಗಳ ಗಡುವಿನಲ್ಲಿ. ಚೆನ್ನೈನ ಹಳೇ ಮನೆಗಳಲ್ಲಿ ಬಾವಿ ಇತ್ತು, ಮರಳು ನೆಲ ಬೇರೆ. ಮಳೆ ಬಿದ್ದ ಮೇಲೆ ಬಾವಿಗೆ ಬಗ್ಗಿ ನೋಡಿದರೆ ನೀರು ಮೇಲೆ ಬಂದದ್ದು ಕಣ್ಣಿಗೇ ಕಾಣುತ್ತಿತ್ತು. ಕಂಡದ್ದನ್ನು ಜನ ಕಾಪಾಡಿಕೊಳ್ಳುತ್ತಾರೆ. ಆದರೂ ವರ್ಷ ಕಳೆದಂತೆ ಎಷ್ಟೋ ಕಡೆ ನಿರ್ವಹಣೆ ನಿಂತಿತು, 2019ರ ಬೇಸಿಗೆಯಲ್ಲಿ ಚೆನ್ನೈ ಮತ್ತೆ ಟ್ಯಾಂಕರ್ ಹಿಂದೆ ಓಡಿತು.

ಬೆಂಗಳೂರಿನಲ್ಲಿ ನಾವು ಬಗ್ಗಿ ನೋಡುವ ಬಾವಿಯನ್ನೇ ಮುಚ್ಚಿಬಿಟ್ಟಿದ್ದೆವು. 1896ರಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ. ನಲ್ಲಿ ಹತ್ತಿರ ಬಂದಷ್ಟೂ ಬಾವಿ ದೂರವಾಯಿತು. ಬಾವಿ ಕಸದ ಗುಂಡಿಯಾಯಿತು, ಆಮೇಲೆ ಅದರ ಮೇಲೊಂದು ರೂಮು ಬಂತು. ಇವತ್ತು ನಮ್ಮ ನಲ್ಲಿಯಲ್ಲಿ ಬರುವ ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರ್ ಎತ್ತರ ಹತ್ತಿ ಬರುತ್ತೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಮೂರು ಕಡೆ ಪಂಪು ಮಾಡಿ ತಳ್ಳಬೇಕು.

ಇದೇ ಹೊತ್ತಿಗೆ ಕೆಂಗೇರಿಯ ತಾರಸಿಗಳ ಮೇಲೆ ಬಿದ್ದ ಮಳೆ ಎಲ್ಲಿ ಹೋಗುತ್ತೆ ಅಂತ ನಕ್ಷೆಯಲ್ಲಿ ಬೆರಳಿಟ್ಟು ನೋಡಿದೆ. ಚರಂಡಿ, ಚರಂಡಿಯಿಂದ ವೃಷಭಾವತಿ, ಅಲ್ಲಿಂದ ಬೈರಮಂಗಲ ಕೆರೆ, ಆಮೇಲೆ ಅರ್ಕಾವತಿ, ಕೊನೆಗೆ ಸಂಗಮದಲ್ಲಿ ಕಾವೇರಿ. ಆದರೆ ನಮಗೆ ನೀರು ಎತ್ತುವ ಜಾಗ ಸಂಗಮಕ್ಕಿಂತ ಮೇಲೆ ಇದೆ. ಅಂದರೆ ತಲೆ ಮೇಲೆ ಪುಕ್ಕಟೆ ಬಿದ್ದ ನೀರನ್ನು ಕೊಳಚೆ ಬೆರೆಸಿ ಕೆಳಗಿನವರಿಗೆ ಕಳಿಸಿ, ಮೇಲಿನ ಕಾವೇರಿಯನ್ನು ಕರೆಂಟ್ ಸುಟ್ಟು ಬೆಟ್ಟ ಹತ್ತಿಸಿ ತರಿಸುತ್ತೇವೆ. ಬೈರಮಂಗಲದ ಸುತ್ತಿನ ರೈತರು ನಮ್ಮ ಕೊಳಚೆಯಲ್ಲಿ ಬೇಸಾಯ ಮಾಡುತ್ತಾರೆ. ನಮ್ಮ ನೀಲಿ ಡ್ರಮ್ಮಿನ ಪೈಪು ಗೇಟಿನ ಆಚೆಗೆ ಮುಗಿಯುತ್ತೆ ಅಂದುಕೊಂಡಿದ್ದೆ. ಅದು ಅಲ್ಲಿ ಮುಗಿಯೋದಿಲ್ಲ.

ಅಪ್ಪನ ಪ್ರಶ್ನೆಗೆ ಇನ್ನೂ ಹಳೇ ಉತ್ತರವೊಂದು ಇದೆ. ನಮ್ಮ ಶಾಸನಗಳಲ್ಲಿ 'ಕಟ್ಟುಕೊಡಗೆ' ಅನ್ನುವ ಮಾತು ಮತ್ತೆ ಮತ್ತೆ ಬರುತ್ತೆ. ಕೆರೆ ಕಟ್ಟಿಸಿದವನಿಗೆ, ದುರಸ್ತಿ ಮಾಡಿಸಿದವನಿಗೆ ಆ ಕೆರೆಯ ಕೆಳಗೇ ಭೂಮಿ ದತ್ತಿ ಬಿಡುತ್ತಿದ್ದರು. ಕೆರೆ ನೀರಲ್ಲಿ ಬೆಳೆದ ಬೆಳೆಯಿಂದ ಒಂದು ಪಾಲು ಕೆರೆಯ ನಿರ್ವಹಣೆಗೆ ಅಂತ ತೆಗೆದಿಡುವುದಕ್ಕೆ 'ಬಿತ್ತುವಟ್ಟ' ಅಂತ ಹೆಸರು. ತೂಬು ಎತ್ತಿ ಇಳಿಸುವ ನೀರುಗಂಟಿಗೂ ಪಾಲಿತ್ತು. ಆಗಿನವರೇನು ನಮಗಿಂತ ಪುಣ್ಯವಂತರಲ್ಲ. ಆ ವ್ಯವಸ್ಥೆಯಲ್ಲಿ ಜಾತಿಯ ಏಣಿಯಿತ್ತು, ಹೂಳೆತ್ತುವ ಬಿಟ್ಟಿ ಕೆಲಸ ಯಾರ ಹೆಗಲಿಗೆ ಬೀಳುತ್ತಿತ್ತು ಅನ್ನೋದೂ ಗೊತ್ತಿರುವ ವಿಷಯವೇ. ಆದರೆ ಒಂದು ಸಂಗತಿ ಅವರಿಗೆ ಸ್ಪಷ್ಟವಾಗಿತ್ತು. ಊರಿಗೆಲ್ಲ ಉಪಯೋಗವಾಗುವ ನೀರನ್ನು ಒಬ್ಬ ಕಾಯಬೇಕಾದರೆ ಆ ಒಬ್ಬನ ಗದ್ದೆಗೂ ನೀರು ಹರಿಯಬೇಕು. ಸೋಲಾರಿನ ಐವತ್ತು ರೂಪಾಯಿ ನಮ್ಮ ಕಾಲದ ಪುಟ್ಟ ಕಟ್ಟುಕೊಡಗೆ. ಮಳೆಯ ಪಾಲಿಗೆ ನಮ್ಮ ಬೀದಿಯ ನೀರಿನ ಬಿಲ್ಲುಗಳಲ್ಲಿ ಕಂಡಿದ್ದು ದಂಡ ಮಾತ್ರ.

ಮನೆಯಿಂದ ಹೊರಗೆ ಆಫೀಸಿನ ಕಡೆ ನೋಡಿದರೂ ಇದೇ ಲೆಕ್ಕ. ನಾನು ದಿನಾ ಕೆಂಗೇರಿಯಿಂದ ಪರ್ಪಲ್ ಲೈನ್ ಹತ್ತಿ ವೈಟ್‌ಫೀಲ್ಡ್ ಕಡೆ ಹೋಗೋಳು. ನೀವು ಕೆಲಸ ಮಾಡುವ ಟೆಕ್ ಪಾರ್ಕಿನ ಲಾಬಿಯಲ್ಲೂ ಹಸಿರು ಎಲೆಯ ಚಿತ್ರವಿರುವ ಒಂದು ಫಲಕ ಇರಬಹುದು. ಕಟ್ಟಡಕ್ಕೆ ಅಂಕ ಕೊಡುವ ಈ ಪದ್ಧತಿ 1990ರಲ್ಲಿ ಬ್ರಿಟನ್ನಿನಲ್ಲಿ ಶುರುವಾಯಿತು, ಆಮೇಲೆ ಅಮೆರಿಕದ 'ಲೀಡ್' ಬಂತು. ಭಾರತದಲ್ಲಿ 2001ರಲ್ಲಿ ಹಸಿರು ಕಟ್ಟಡ ಮಂಡಳಿ ಹುಟ್ಟಿತು, 2007ರಲ್ಲಿ ಕೇಂದ್ರದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ. ಸಂಹಿತೆ ಅನ್ವಯಿಸೋದು 100 ಕಿಲೋವ್ಯಾಟ್ ಅಥವಾ ಹೆಚ್ಚು ಲೋಡ್ ಇರುವ ದೊಡ್ಡ ವಾಣಿಜ್ಯ ಕಟ್ಟಡಗಳಿಗೆ. ವಾಸದ ಕಟ್ಟಡಗಳಿಗೆ 'ಇಕೋ ನಿವಾಸ ಸಂಹಿತೆ' ಬಂದದ್ದು 2018ರ ಡಿಸೆಂಬರ್‌ನಲ್ಲಿ. ಕಂಪನಿಗಳು ಫಲಕಕ್ಕೆ ಆಸೆಪಡೋದು ಯಾಕೆ? ಬಾಡಿಗೆ ಚೆನ್ನಾಗಿ ಬರುತ್ತೆ, ವಿದೇಶಿ ಗ್ರಾಹಕರು ಕೇಳುತ್ತಾರೆ, ಕರೆಂಟ್ ಬಿಲ್ಲು ಇಳಿಯುತ್ತೆ. ಅಲ್ಲೂ ಬೆಲ್ಲ ಇದೆ. ಬೆಲ್ಲವಿಲ್ಲದೆ ನಿಂತಿರೋದು ನಮ್ಮ ತರ್ಟಿ-ಫಾರ್ಟಿಯ ಮಳೆ ಪೈಪು ಒಂದೇ.

ಇಷ್ಟೆಲ್ಲ ಓದಿದ ಮೇಲೆ ಅಪ್ಪನ ಹತ್ತಿರ ಜಗಳ ಬಿಟ್ಟು ಲೆಕ್ಕ ಇಟ್ಟುಕೊಂಡು ಕೂತೆ. ಅವರು ನಿವೃತ್ತ ಲೆಕ್ಕಿಗರು, ಅದೇ ಭಾಷೆ ಅರ್ಥವಾಗೋದು. ಬೆಂಗಳೂರಿನ ಸರಾಸರಿ ಮಳೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್. ನಮ್ಮ ತಾರಸಿ 80 ಚದರ ಮೀಟರ್. ಗುಣಿಸಿದರೆ 77 ಸಾವಿರ ಲೀಟರ್ ಮೇಲೆ. ಮೊದಲ ಕೊಳೆ ನೀರು, ಆವಿ ಅಂತ ಧಾರಾಳವಾಗಿ ಕಳೆದರೂ 60 ಸಾವಿರ ಉಳಿಯುತ್ತೆ. "ಹತ್ತು ಟ್ಯಾಂಕರ್ ಅಪ್ಪಾ" ಅಂದೆ. ಪೇಪರ್ ಕೆಳಗಿಟ್ಟರು.

"ಮೊದಲು ಸಂಪಿಗೆ ಬರುತ್ತಾ?"

"ಮೊದಲು ಸಂಪಿಗೇ. ಮಿಕ್ಕಿದ್ದು ಬಾವಿಗೆ."

"ಪಾಯ?"

ಅದನ್ನು ಬಾವಿ ತೋಡುವವರನ್ನೇ ಕೇಳಿದೆವು. ಬೆಂಗಳೂರಿನಲ್ಲಿ ಬಾವಿ ತೋಡುವ ಕೆಲಸ ತಲೆತಲಾಂತರದಿಂದ ಮಾಡಿಕೊಂಡು ಬಂದವರು ಮಣ್ಣು ವಡ್ಡರು. ಬೋರ್‌ವೆಲ್ ಬಂದ ಮೇಲೆ ಅವರ ಕೈಗೆ ಕೆಲಸ ಇಲ್ಲದಂತಾಗಿತ್ತು. ಇತ್ತೀಚಿನ ವರ್ಷಗಳಲ್ಲಿ ಊರಿಗೆ ಹತ್ತು ಲಕ್ಷ ಇಂಗುಬಾವಿ ಬೇಕು ಅನ್ನುವ ಅಭಿಯಾನದಿಂದ ಆ ವಿದ್ಯೆಗೆ ಮತ್ತೆ ಬೆಲೆ ಬಂದಿದೆ. ನಮ್ಮಲ್ಲಿಗೆ ಬಂದ ಅಣ್ಣ ಸೈಟಿನ ಉದ್ದಗಲ ಒಂದು ಸುತ್ತು ನಡೆದು, ಪಾಯದಿಂದ ದೂರ, ಗೇಟಿನ ಮೂಲೆಯಲ್ಲಿ ಕಾಲಿನಿಂದ ಗೀರಿದರು. "ಇಲ್ಲಿ ತೋಡಿದ್ರೆ ಮನೆಗೇನೂ ಆಗಕ್ಕಿಲ್ಲ ಸಾರ್. ನೀರು ಕೆಳೀಕ್ ಹೋಯ್ತದೆ, ಅಡ್ಡಡ್ಡ ಬರಕ್ಕಿಲ್ಲ." ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳ. ಒಬ್ಬರು ಒಳಗೆ ಗಿಡ್ಡ ಹಿಡಿಯ ಹಾರೆ ಹಿಡಿದು, ಇಬ್ಬರು ಮೇಲೆ ಹಗ್ಗ ಬಕೆಟ್ಟು ಹಿಡಿದು. ಮೊದಲ ನಾಲ್ಕಡಿ ನಾವೇ ಮನೆ ಕಟ್ಟುವಾಗ ತುಂಬಿದ್ದ ಇಟ್ಟಿಗೆ ಚೂರು, ಪ್ಲಾಸ್ಟಿಕ್ ಚೀಲ. ಆಮೇಲೆ ಕೆಂಪು ಮಣ್ಣು. ಆಮೇಲೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಕಲ್ಲು. ಸಿಮೆಂಟ್ ರಿಂಗು ಇಳಿಸಿ, ಜಾಲರಿ ಮುಚ್ಚಳ ಹಾಕಿದರು. ಫಿಲ್ಟರ್, ಪೈಪು ಎಲ್ಲ ಸೇರಿ ನಮಗೆ ಹತ್ತಿರ ಹತ್ತಿರ 50 ಸಾವಿರ ಆಯಿತು. ಸೋಲಾರ್ ಹಾಕಿಸುವಾಗ ಚೌಕಾಸಿ ಮಾಡದ ಅಪ್ಪ ಇದಕ್ಕೆ ಎರಡು ದಿನ ಚೌಕಾಸಿ ಮಾಡಿದರು.

ಪಕ್ಕದ ಮನೆ ಅಂಕಲ್‌ಗೆ ಅಪ್ಪ ತಮಾಷೆಗೆ ಅನ್ನುವ ಹಾಗೆ ಹೇಳಿದರು, "ನಿಮ್ಮ ಬೋರಿಗೆ ನೀರು ಬಿಡ್ತಿದ್ದೀವಿ, ಅರ್ಧ ದುಡ್ಡು ಕೊಡಿ." ಅಂಕಲ್ ನಕ್ಕರು. ದುಡ್ಡು ಕೊಡಲಿಲ್ಲ.

2024ರ ಜೂನ್ 2. ಬೆಂಗಳೂರಿನಲ್ಲಿ ಒಂದೇ ದಿನ 111 ಮಿಲಿಮೀಟರ್ ಮಳೆ ಅಳೆದರು, ಜೂನ್ ತಿಂಗಳ ಒಂದು ದಿನದ ಲೆಕ್ಕದಲ್ಲಿ ನೂರಕ್ಕೂ ಹೆಚ್ಚು ವರ್ಷಗಳ ದಾಖಲೆ. ಕೆಂಗೇರಿಯಲ್ಲಿ ಅಷ್ಟೇ ಬಿತ್ತೋ ಕಡಿಮೆ ಬಿತ್ತೋ, ಕರೆಂಟ್ ಅಂತೂ ಹೋಯಿತು. ಎರಡೂವರೆ ತಿಂಗಳ ಹಿಂದೆ ನೀರಿಲ್ಲ ಅಂತ ಅತ್ತ ಊರಿನಲ್ಲಿ ರಸ್ತೆ ತುಂಬ ನೀರು. ಅಪ್ಪ ಟಾರ್ಚ್ ಹಿಡಿದು ಕೊಡೆ ಹಿಡಿದು ಫಿಲ್ಟರ್ ಪಕ್ಕ ನಿಂತಿದ್ದರು. ಸಂಪು ತುಂಬಿ ಬಾವಿಗೆ ಧುಮ್ಮಿಕ್ಕುವ ಸದ್ದು ಕೇಳಿ ನನ್ನನ್ನೂ ಕರೆದರು. ಇಬ್ಬರೂ ಜಾಲರಿಯೊಳಗೆ ಟಾರ್ಚ್ ಬಿಟ್ಟು ನೋಡಿದೆವು. ಎರಡಾಳು ಎತ್ತರ ಕೆಂಪು ನೀರು. ಮಾರನೇ ದಿನ ಮಧ್ಯಾಹ್ನ ನೋಡಿದರೆ ಬಾವಿ ಬರಿದು. ಎಲ್ಲ ಇಂಗಿ ಹೋಗಿತ್ತು.

ಅದರಿಂದ ಪಕ್ಕದ ಬೋರಿಗೆ ಎಷ್ಟು ಉಪಯೋಗವಾಯಿತು? ಅಂಕಲ್‌ನ ಕೇಳಿದರೆ "ಹಂಗೇನೂ ಗೊತ್ತಾಗಲ್ಲಮ್ಮ" ಅನ್ನುತ್ತಾರೆ. ಒಂದು ಬಾವಿಯಿಂದ ಬೀದಿಯ ಅಂತರ್ಜಲ ಏರುತ್ತೆ ಅಂತ ನಾನೂ ಹೇಳಲಾರೆ. ಬೀದಿಯ ಇಪ್ಪತ್ತು ಮನೆಯವರೂ ತೋಡಿದರೆ ಬೇರೆ ಮಾತು. ಅದಕ್ಕೆ ಕಾನೂನು ಬರೀ ಪೈಪು ಎಣಿಸಿದರೆ ಸಾಲದು, ನೀರು ಎಣಿಸಬೇಕು. ಸಂಪಿಗೆ ಮಳೆನೀರು ತುಂಬಿಸಿಕೊಂಡು ಕಡಿಮೆ ಕಾವೇರಿ ಬಳಸುವ ಮನೆಗೆ ಬಿಲ್ಲಿನಲ್ಲಿ ಒಂದಿಷ್ಟು ಇಳಿಸಬೇಕು. ಇಂಗಿಸುವವರಿಗೆ ಬೋರ್ ಎತ್ತುವವರಿಂದ ಒಂದು ಪಾಲು ಬರಬೇಕು. ಬಿತ್ತುವಟ್ಟ ಅಂತಲೇ ಹೆಸರಿಡಿ, ಬೇಡ ಅಂದವರಾರು? 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ 110 ಹಳ್ಳಿಗಳಿಗೆ ಬಂತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ನಲ್ಲಿ ಬಂದಾಗಲೆಲ್ಲ ಬಾವಿ ಮುಚ್ಚಿದ ಊರು ನಮ್ಮದು. ಈ ಸಲವೂ ಹಾಗೇ ಆಗುತ್ತಾ ಅಂತ ನೋಡಬೇಕು.

ನಿಮ್ಮ ಮನೆಯಲ್ಲೂ ಒಂದು ನೀಲಿ ಡ್ರಮ್ಮು ಇರಬಹುದು. ಬಾಡಿಗೆ ಮನೆಯಾದರೂ ಪರವಾಗಿಲ್ಲ, ಅಪಾರ್ಟ್‌ಮೆಂಟಾದರೂ ಪರವಾಗಿಲ್ಲ. ಈ ವಾರಾಂತ್ಯ ಮುಚ್ಚಳ ಎತ್ತಿ, ಕೆಳಗಿನ ಪೈಪು ಯಾವ ಕಡೆ ಹೊರಟಿದೆ ಅಂತ ಒಮ್ಮೆ ನೋಡಿ.

ನಮ್ಮ ಮನೆಯಲ್ಲಿ ಈಗ ಭಾನುವಾರದ ಕೆಲಸ ಸ್ವಲ್ಪ ಜಾಸ್ತಿಯಾಗಿದೆ. ಸೋಲಾರ್ ಒರೆಸಿದ ಬನಿಯನ್ನಿನಲ್ಲೇ ಅಪ್ಪ ಮಳೆ ಫಿಲ್ಟರ್ ಜಾಲರಿಯನ್ನೂ ಒರೆಸುತ್ತಾರೆ. ಅಂದಹಾಗೆ ಸೋಲಾರಿನ ಬಿಸಿನೀರು ಬರುವ ಮುಂಚೆ ಪೈಪಿನಲ್ಲಿ ನಿಂತ ತಣ್ಣೀರು ಒಂದು ಬಕೆಟ್ ಸುಮ್ಮನೆ ಹರಿದುಹೋಗುತ್ತೆ, ಎಲ್ಲ ಮನೆಯಲ್ಲೂ ಇರೋ ಕಥೆ. ಅಮ್ಮ ಮಾತ್ರ ಮೊದಲ ದಿನದಿಂದಲೂ ಅದನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು ಇಟ್ಟುಕೊಳ್ಳುತ್ತಾರೆ. ಅದಕ್ಕೆ ಯಾವ ಕಾನೂನೂ ಇರಲಿಲ್ಲ.